ಆಪ್ತರೆಂದು ಬರೆಸಿದ ಹೆಸರು

ಹೆಣ್ಣುಮಕ್ಕಳ ಶಾಲೆಯ ದೊಡ್ಡ ಕೋಣೆಯಲ್ಲಿ, ಕಿಟಕಿಯಿಂದ ಕಂಬಕ್ಕೆ ಎಳೆದು ಕಟ್ಟಿದ ಹಗ್ಗದ ಮೇಲೆ ಒಂದು ಹಸಿರು ಪರದೆ ಇಳಿಬಿಟ್ಟಿದ್ದರು. ದಪ್ಪನೆಯ ಬಟ್ಟೆ. ಕೆಳಗೆ ಒಂದು ಗೇಣಿನಷ್ಟು ಮಾತ್ರ ತೆರವು. ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಒಳಗಿದ್ದವರ ಪಾದ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ವರ್ಷಕ್ಕೊಂದು ಸಲದಂತೆ ಮೂರು ವರ್ಷ ನಾನು ಆ ಬೆಂಚಿನ ಮೇಲೆ ಕುಳಿತು ಫಕೀರಪ್ಪನ ಪಾದಗಳನ್ನು ನೋಡಿದ್ದೇನೆ. ಅವನ ಬಲಗಾಲಿನ ಮುಂಗಾಲು ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಹೊಲಿಗೆ ಮಷೀನು ತುಳಿದು ತುಳಿದು ಬಂದ ಚಾಳಿ ಅದು. ಒಳಗೆ ಅವನು ನನ್ನ ಗುಣಗಾನ ಮಾಡುತ್ತಿದ್ದಾನೆಂದು ತಿಳಿದು ನಾನು ಹೊರಗೆ ನಿಶ್ಚಿಂತೆಯಿಂದ ಎಲೆ ಅಡಿಕೆ ಜಗಿಯುತ್ತ ಕುಳಿತಿರುತ್ತಿದ್ದೆ.

ನಾನು ಊರಿಗೆ ನೀರು ಬಿಡುವವನು. ಬಿಡುತ್ತಿದ್ದವನು ಎಂದು ಬರೆಯಬೇಕು, ಕೈ ಒಪ್ಪುವುದಿಲ್ಲ. ನಲವತ್ತು ವರ್ಷ ಆ ಕೆಲಸ ಮಾಡಿದೆ. ಚೌಕದ ದೊಡ್ಡ ಟಾಕಿಯಿಂದ ಹೊರಟ ನೀರು ಹತ್ತೊಂಬತ್ತು ಓಣಿಗೆ ಹಂಚಿಕೆಯಾಗಬೇಕು. ಓಣಿಗೊಂದು ವಾಲ್ವ್, ನೆಲದೊಳಗೆ, ಕಬ್ಬಿಣದ ಮುಚ್ಚಳದ ಕೆಳಗೆ. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಇಳಿಸಿ ತಿರುಗಿಸಬೇಕು. ಒಂದೊಂದರದ್ದು ಒಂದೊಂದು ಸ್ವಭಾವ. ಎಣ್ಣೆ ಗಾಣದ ಓಣಿಯದು ಹನ್ನೊಂದು ಸುತ್ತು. ಅರ್ಧ ಸುತ್ತು ಹೆಚ್ಚಾದರೆ ಕೆಳಗಿನ ಕುಂಬಾರ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನನ್ನ ವಂಶೋದ್ಧಾರ ಮಾಡುತ್ತಿದ್ದರು. ಇದೆಲ್ಲ ಯಾವ ಕಾಗದದಲ್ಲೂ ಇರಲಿಲ್ಲ, ನನ್ನ ತಲೆಯಲ್ಲಿತ್ತು. ಆದ್ದರಿಂದಲೇ ನಿವೃತ್ತಿಯ ವಯಸ್ಸು ದಾಟಿ ಹತ್ತು ವರ್ಷವಾದರೂ ಪುರಸಭೆಯವರು ನನ್ನನ್ನು ಬಿಟ್ಟಿರಲಿಲ್ಲ. ನನಗೂ ಬಿಡುವ ಮನಸ್ಸಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ಹೋಗುವುದಕ್ಕೆ ನನಗೊಂದು ಜಾಗವೆಂದರೆ ಆ ಹತ್ತೊಂಬತ್ತು ಮುಚ್ಚಳಗಳೇ.

ಟಾಕಿಯ ಎದುರಿಗೇ ಫಕೀರಪ್ಪನ ಅಂಗಡಿ. ಅವನು ಟೇಲರ್. ನನಗಿಂತ ಎರಡು ವರ್ಷ ಚಿಕ್ಕವನು, ಮಾತಿನಲ್ಲಿ ಹತ್ತು ವರ್ಷ ದೊಡ್ಡವನು. ನೀರು ಬಿಟ್ಟು ಬಂದು ನಾನು ಚಾವಿಯನ್ನು ಅವನ ಅಂಗಡಿಯ ಗೋಡೆಗೆ ಒರಗಿಸಿದೆನೆಂದರೆ ಎರಡು ಚಹಾ ಬರಬೇಕು. ಮೂವತ್ತು ವರ್ಷ ಇದು ತಪ್ಪಿರಲಿಲ್ಲ.

ಹೀಗಿರುವಾಗ ಊರಿಗೆ ಡಾಕ್ಟರರ ತಂಡವೊಂದು ಬಂತು. ಮುಪ್ಪು ಹೇಗೆ ಬರುತ್ತದೆ, ಯಾರಿಗೆ ಬೇಗ, ಯಾರಿಗೆ ತಡ ಎಂದು ಅಭ್ಯಾಸ ಮಾಡುವವರಂತೆ. ಅರವತ್ತು ದಾಟಿದ ಇನ್ನೂರು ಜನರನ್ನು ಆರಿಸಿಕೊಂಡರು. ವರ್ಷಕ್ಕೊಮ್ಮೆ ಹತ್ತು ದಿನ ಶಾಲೆಯಲ್ಲಿ ತಪಾಸಣೆ. ಒಂದು ಯಂತ್ರದ ಹಿಡಿಯನ್ನು ಮುಷ್ಟಿಯಲ್ಲಿ ಅದುಮಿ ಶಕ್ತಿ ತೋರಿಸಬೇಕು. ಕೈಯೂರದೆ ಕುರ್ಚಿಯಿಂದ ಐದು ಸಲ ಏಳಬೇಕು. ಸುಣ್ಣದ ಎರಡು ಗೆರೆಗಳ ನಡುವೆ ನಡೆಯಬೇಕು. ಒಬ್ಬ ಗಡಿಯಾರ ಹಿಡಿದು ನಿಂತಿರುತ್ತಾನೆ. ಹತ್ತು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ಯಾವ್ಯಾವು ಎಂದು ಕೇಳುತ್ತಾರೆ. ನಮ್ಮ ಊರಿನ ಮುದುಕರು ಮೊದಲ ವರ್ಷ ಹೊಸ ಅಂಗಿ ತೊಟ್ಟು, ಗಡ್ಡ ಹೆರೆಸಿಕೊಂಡು ಅಲ್ಲಿಗೆ ಹೋದರು. ನಡೆಯಿರಿ ಎಂದರೆ ಓಡಿದರು.

ಇಷ್ಟಾದ ಮೇಲೆ ಬರುವುದು ಪರದೆ. ಪ್ರತಿಯೊಬ್ಬರೂ ತಮ್ಮ ಆಪ್ತರೊಬ್ಬರ ಹೆಸರು ಬರೆಸಬೇಕು. ದಿನವೂ ನಮ್ಮನ್ನು ನೋಡುವವರಾಗಿರಬೇಕು, ಮನೆಯವರೇ ಆಗಬೇಕೆಂದಿಲ್ಲ. ಆ ಆಪ್ತರನ್ನು ಒಬ್ಬರನ್ನೇ ಪರದೆಯ ಹಿಂದೆ ಕರೆದು ನಮ್ಮ ಬಗ್ಗೆ ಕೇಳುತ್ತಾರೆ. ಮರೆಯುತ್ತಾರೆಯೇ, ಬಿದ್ದಿದ್ದಾರೆಯೇ, ಹೇಳಿದ್ದನ್ನೇ ಹೇಳುತ್ತಾರೆಯೇ, ಸುಮ್ಮನೆ ಕೂತು ಅಳುತ್ತಾರೆಯೇ. ಕೇಳುವವರು ಡಾಕ್ಟರ್ ಪ್ರಮೋದಿನಿ. ತಲೆ ಸ್ವಲ್ಪ ಒಂದು ಕಡೆ ವಾಲಿಸಿ ಕೇಳುವ, ನಿಧಾನದ ಹೆಣ್ಣುಮಗಳು. ನಾನು ಫಕೀರಪ್ಪನ ಹೆಸರು ಬರೆಸಿದೆ. ಮನೆಯಲ್ಲಿ ಹೆಂಡತಿ ಶಿವಗಂಗವ್ವ ಗಟ್ಟಿಮುಟ್ಟಾಗಿದ್ದರೂ ಅವನು ನನ್ನ ಹೆಸರು ಬರೆಸಿದ. "ಆಕಿನ್ನ ಕರದ್ರ ಮದುವಿ ಆದ ದಿನದಿಂದ ಸುರು ಮಾಡ್ತಾಳ. ಡಾಕ್ಟರಮ್ಮಗ ಹತ್ತ ದಿನ ಸಾಲಂಗಿಲ್ಲ" ಅಂದ.

ಇಲ್ಲಿ ನಮ್ಮ ಊರಿನ ಒಂದು ರೂಢಿಯನ್ನು ಹೇಳಬೇಕು. ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ವಿಚಾರಿಸಲು ಓಣಿಗೆ ಬಂದರೆ, ನೆರೆಹೊರೆಯವರು ಒಳ್ಳೆಯದನ್ನಲ್ಲದೆ ಬೇರೆ ಆಡುವಂತಿಲ್ಲ. ಹುಡುಗ ಮೂರು ಹೊತ್ತು ಜೂಜಾಡಲಿ, "ಬಾಳ ಜನಾ ಬಳಕಿ ಐತ್ರಿ ಅವ್ನಿಗೆ" ಎನ್ನಬೇಕು. ತಪ್ಪಿದರೆ ನಾಳೆ ನಿನ್ನ ಮನೆಯ ಮದುವೆಗೆ ಅವರು ಬಾಯಿ ಬಿಡುತ್ತಾರೆ. ನಾವೆಲ್ಲ ಡಾಕ್ಟರರನ್ನೂ ಹಾಗೆಯೇ ತಿಳಿದೆವು. ಮುಪ್ಪು ಯಾರನ್ನೋ ನೋಡಲು ಬಂದಿದೆ, ಈ ಸಂಬಂಧ ಕೂಡದಂತೆ ಮಾಡಬೇಕು, ಅದಕ್ಕೂ ಹೊಗಳಿಯೇ ಕಳಿಸಬೇಕು. ಕಿವಿ ಕೇಳದ ಗಂಡನ ಬಗ್ಗೆ ಹೆಂಡತಿ, "ಇರುವಿ ನಡದ್ರೂ ಕೇಳ್ತೈತ್ರಿ" ಅಂದಳಂತೆ. ಆ ವರ್ಷದ ಬರಹದ ಪ್ರಕಾರ ನಮ್ಮ ಊರಿನಲ್ಲಿ ಒಬ್ಬ ಮುದುಕನೂ ಬಿದ್ದಿರಲಿಲ್ಲ, ಒಬ್ಬ ಮುದುಕಿಯೂ ಏನನ್ನೂ ಮರೆತಿರಲಿಲ್ಲ.

ಮೊದಲ ವರ್ಷ ಪರದೆಯಿಂದ ಹೊರಬಂದ ಫಕೀರಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದ.

"ಏನ್ ಹೇಳಿದಿಪಾ ನನ್ನ ಬಗ್ಗೆ?"

"ಗೂಳಿ ಇದ್ದಂಗ ಇದ್ದಾನ, ಸೂಜಿಗೆ ದಾರಾ ಪೋಣಿಸಾಕ ಇನ್ನೂ ಚಸ್ಮಾ ಬೇಕಾಗಿಲ್ಲ ಅಂತ ಹೇಳೀನಿ. ನೀ?"

"ನಾ ಇದ್ದದ್ದ ಹೇಳೀನಿ" ಅಂದ ಫಕೀರಪ್ಪ.

ಇದ್ದದ್ದೆಂದರೆ ಒಳ್ಳೆಯದೇ ಎಂದು ನಾನು ನಕ್ಕೆ. ಅವನು ನಗಲಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಚಹಾಕ್ಕೆ ಹೇಳಿದೆವು.

ಎರಡನೆಯ ವರ್ಷ ನನ್ನ ಪಾಲಿಗೆ ಬಂಗಾರದಂಥ ವರ್ಷ. ಅಷ್ಟು ಸುಸೂತ್ರವಾಗಿ ನೀರು ಎಂದೂ ಬಂದಿರಲಿಲ್ಲವೆಂದು ಊರೇ ಹೇಳಿತು. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಇಲ್ಲಿ ಸ್ವಲ್ಪ ಏರುಪೇರಾಗಿ, ಒಂದು ಓಣಿಗೆ ಎರಡು ಸಲ ಹೋಗಿ ಇನ್ನೊಂದಕ್ಕೆ ಹೋಗದೆ ಜನ ಕೂಗಾಡಿದ್ದರು. ಪೈಪು ಹಳೆಯದು ಎಂದಿದ್ದೆ. ಈಗ ಪೈಪು ತಾನಾಗಿ ಸರಿಹೋದಂತಿತ್ತು. ಪುರಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವನು ಫಕೀರಪ್ಪ. ಮೈಕಿನ ಮುಂದೆ ನಿಂತು ನಾನು, "ಈ ತಲೆ ಇರುವತನಕ ಕಾಗದ ಬೇಕಾಗಿಲ್ಲ" ಎಂದು ಹಣೆ ಬಡಿದು ತೋರಿಸಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಅದೇ ವರ್ಷ ಫಕೀರಪ್ಪ ಮೊದಲ ಸಲ ಬಿದ್ದ. ನಾನು ನೀರು ಬಿಟ್ಟು ಬರುವಷ್ಟರಲ್ಲಿ ಅಂಗಡಿಯ ಕಟ್ಟೆಯ ಮೇಲೆ ಮೊಣಕೈ ಒರೆಸಿಕೊಳ್ಳುತ್ತ ಕುಳಿತಿದ್ದ. ಹಾಲಿಗೆ ಹೋಗಿದ್ದೆ, ಕಾಲು ಜಾರಿತು, ಕಣ್ಣಿಗೆ ಕತ್ತಲೆ ಬಂದಂತಾಯಿತು ಅಂದ. ಮತ್ತೆ ಮೂರು ತಿಂಗಳಿಗೆ ಇನ್ನೊಮ್ಮೆ, ಮಸೀದಿಯ ಹಿಂದಿನ ತಿರುವಿನಲ್ಲಿ. ಮಂಡಿ ಊದಿಕೊಂಡಿತ್ತು.

"ಯಾರ ಮುಂದೂ ಹೇಳಬ್ಯಾಡೋ ಮಾರಾಯಾ" ಅಂದ. "ಗೊತ್ತಾದ್ರ ಶಿವಗಂಗಿ ನನ್ನ ಹೊಸ್ತಿಲ ದಾಟಾಕ ಬಿಡಂಗಿಲ್ಲ. ಅಂಗಡಿ ಹೋಯ್ತು ಅಂದ್ರ ನಾ ಹೋದಂಗ."

ನನಗಿಂತ ಚೆನ್ನಾಗಿ ಆ ಮಾತು ಯಾರಿಗೆ ಅರ್ಥವಾದೀತು? ಆ ವರ್ಷ ಪರದೆಯ ಹಿಂದೆ ಡಾಕ್ಟರ್ ಪ್ರಮೋದಿನಿ, "ಒಂದು ವರ್ಷದಾಗ ಎಷ್ಟು ಸಲ ಬಿದ್ದಾರ್ರಿ ಫಕೀರಪ್ಪನವರು?" ಎಂದು ಕೇಳಿದಾಗ ನಾನು ಕಣ್ಣು ಮಿಟುಕಿಸದೆ, "ಬೀಳೂದಾ? ಅಂವಾ ಬಿದ್ರ ಭೂಮಿಗೆ ಪೆಟ್ಟಾದೀತ್ರಿ" ಅಂದೆ. ಅವರು ಸೊನ್ನೆ ಬರೆದುಕೊಂಡರು. ಗೆಳೆತನದ ಪಾಲಿನ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ನಾನು ಹೊರಗೆ ಬಂದೆ.

ಮೂರನೆಯ ವರ್ಷ ತಪಾಸಣೆ ನಡೆದಿದ್ದ ವಾರದಲ್ಲೇ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು. ಯಾವಾಗಲೂ ನನ್ನನ್ನು ನಿಲ್ಲಿಸಿಯೇ ಮಾತನಾಡಿಸುವವರು ಅಂದು ಕುರ್ಚಿ ತೋರಿಸಿದರು. ಅಲ್ಲಿಯೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

"ಬಾಳ ವರ್ಷ ದುಡದೀರಿ. ಇನ್ನ ಆರಾಮ ಇರ್ರಿ. ಚಾವಿ ಆಫೀಸಿನ್ಯಾಗ ಇಟ್ಟು ಹೋಗ್ರಿ."

"ಯಾಕ್ರಿ ಸಾಹೇಬ್ರ? ಏನ್ ತಪ್ಪಾತು?"

"ಮಂಗಳವಾರ ಏನಾತು, ನೆನಪೈತೇನ್ರಿ?"

"ಮಂಗಳವಾರ ಎಲ್ಲಾ ಓಣಿಗೂ ನೀರ ಬಿಟ್ಟೀನ್ರಿ."

"ಅದ ತಪ್ಪಾತು" ಅಂದರು ಅವರು, ಮೇಜು ನೋಡುತ್ತ.

ಕುಂಬಾರ ಓಣಿಯಲ್ಲಿ ಪೈಪು ಒಡೆದು ಆಳಿನುದ್ದ ತಗ್ಗು ತೋಡಿದ್ದರಂತೆ. ಮಂಗಳವಾರ ಹೊತ್ತು ಹುಟ್ಟುವ ಮೊದಲೇ ಇಬ್ಬರು ಕೆಲಸಗಾರರು ತಗ್ಗಿನಲ್ಲಿ ಇಳಿದು ಜೋಡಣೆ ಮಾಡುತ್ತಿದ್ದರಂತೆ. ಆ ಓಣಿಯ ವಾಲ್ವ್ ತೆಗೆಯಬೇಡಿ ಎಂದು ಸೋಮವಾರ ಸಂಜೆ ಇದೇ ಕೋಣೆಯಲ್ಲಿ ನನಗೆ ಹೇಳಿದ್ದರಂತೆ, ನಾನು ಹೂಂ ಅಂದಿದ್ದೆನಂತೆ. ನಾನು ವಾಲ್ವ್ ತೆಗೆದೆ. ತಗ್ಗಿನ ಮಣ್ಣು ಕುಸಿದು, ನೀರು ಕುತ್ತಿಗೆಯವರೆಗೆ ಬಂದಾಗ ಯಾರೋ ಹೇಗೋ ನಿಲ್ಲಿಸಿದರು. ಇಷ್ಟೆಲ್ಲ ಅಂತೆ, ಅಂತೆ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ಒಂದು ಕಾಳಿನಷ್ಟೂ ನನ್ನ ನೆನಪಿನಲ್ಲಿಲ್ಲ. ಸೋಮವಾರ ಸಂಜೆ ನಾನು ಆ ಕೋಣೆಗೆ ಹೋಗಿರಲೇ ಇಲ್ಲ ಎಂದು ಆಣೆ ಮಾಡಲು ಸಿದ್ಧನಿದ್ದೆ.

"ಇಬ್ಬರಿಗೂ ಮಕ್ಕಳದಾವ" ಎಂದರು ಸಾಹೇಬರು. "ಇದು ಮೊದಲನೇ ಸಲಾ ಅಲ್ಲಂತ. ನಿಮ್ಮ ನೆನಪು ಎರಡು ವರ್ಷದಿಂದ ಸರಿಯಿಲ್ಲಂತ."

"ಯಾರ್ ಹೇಳಿದ್ರು?"

"ಯಾರ ಹೇಳಿದ್ರ ಏನ್ರಿ? ನಿಮ್ಮ ಕೆಟ್ಟದ್ದ ಬಯಸೂವ್ರಲ್ಲ."

ಚಾವಿಯನ್ನು ಮೂಲೆಗೆ ಒರಗಿಸಿ ಹೊರಗೆ ಬಂದೆ. ಕೈ ಬರಿದಾಗಿ ನಡೆಯುವುದು ನನಗೆ ರೂಢಿಯಿರಲಿಲ್ಲ. ಹೇಳಿದವರು ಡಾಕ್ಟರರೇ ಎಂದು ಆಗಲೇ ತೀರ್ಮಾನಿಸಿದ್ದೆ. ಆ ವಾರವಷ್ಟೇ ಹತ್ತು ಶಬ್ದದಲ್ಲಿ ನನಗೆ ಮೂರು ಮಾತ್ರ ನೆನಪಿದ್ದವು; ಪ್ರಮೋದಿನಿಯವರು ಏನನ್ನೋ ಬಹಳ ಹೊತ್ತು ಬರೆದುಕೊಂಡಿದ್ದರು. ನೇರವಾಗಿ ಶಾಲೆಗೆ ಹೋಗಿ ಎಲ್ಲರ ಎದುರಿಗೇ ಬಾಯಿ ಮಾಡಿದೆ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಹಸಿರು ಪರದೆಯ ಹಿಂದೆ ಕರೆದು ಕೂರಿಸಿದರು.

"ಅಜ್ಜಾರ, ಇಲ್ಲಿ ಹೇಳಿದ ಮಾತು ಈ ಪರದೆ ದಾಟಂಗಿಲ್ಲ. ನೀವು ಹೇಳಿದ್ದೂ ಅಷ್ಟ, ನಿಮ್ಮ ಬಗ್ಗೆ ನಿಮ್ಮ ಆಪ್ತರು ಹೇಳಿದ್ದೂ ಅಷ್ಟ. ನಾವು ಯಾರ ಮುಂದೂ ಬಾಯಿ ಬಿಟ್ಟಿಲ್ಲ."

"ನನ್ನ ಬಗ್ಗೆ ಮುಚ್ಚಿಡೂವಂಥಾದ್ದು ಅಂವಾ ಏನ್ ಹೇಳ್ಯಾನ?"

ಮೇಜಿನ ಮೇಲಿದ್ದ ನನ್ನ ಹೆಸರಿನ ಕಡತದ ಮೇಲೆ ಅವರ ಅಂಗೈ ತಾನಾಗಿ ಹೋಗಿ ಕುಳಿತಿತು. ಹೊಗಳಿಕೆಯನ್ನು ಯಾರೂ ಅಂಗೈಯಲ್ಲಿ ಮುಚ್ಚುವುದಿಲ್ಲ. ಅಷ್ಟು ತಿಳಿಯಲು ನನಗೆ ಯಾವ ನೆನಪಿನ ಶಕ್ತಿಯೂ ಬೇಕಾಗಿರಲಿಲ್ಲ. ಎದ್ದು ಬಂದೆ.

ಫಕೀರಪ್ಪ ಒಂದು ಅಂಗಿಯ ತೋಳು ಕತ್ತರಿಸುತ್ತಿದ್ದ. ಹಣೆಯ ಮೇಲೆ ಮದ್ದಿನ ಪಟ್ಟಿ ಇತ್ತು. ಮತ್ತೆ ಬಿದ್ದಿದ್ದ, ಎಣ್ಣೆ ಗಾಣದ ಮೂಲೆಯಲ್ಲಿ. ನನ್ನ ಮುಖ ನೋಡಿದವನೇ ಕತ್ತರಿ ಕೆಳಗಿಟ್ಟ.

"ಡಾಕ್ಟರಮ್ಮಗ ಏನ್ ಹೇಳಿದಿ ನನ್ನ ಬಗ್ಗೆ?"

"ಇದ್ದದ್ದ ಹೇಳೀನಿ."

"ಎಂದಿಂದ?"

"ಮೊದಲನೇ ವರ್ಷದಿಂದ."

"ಸಾಹೇಬ್ರಿಗೆ?"

"ಅವ್ರಿಗೂ ನಾನ ಹೇಳೀನಿ. ಬುಧವಾರ ಹೋಗಿ ಹೇಳಿ ಬಂದೆ."

ಅವನು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಅನ್ನಿಸಿತು. ಇಲ್ಲ ಅಂದಿದ್ದರೆ ನಾನು ನಂಬುತ್ತಿದ್ದೆ. ಮೂವತ್ತು ವರ್ಷ ನಂಬಿದವನಿಗೆ ಇನ್ನೊಂದು ದಿನ ಭಾರವಾಗುತ್ತಿತ್ತೇ?

"ನಾ ನಿನ್ನ ಪಾಲಿಗೆ ಸುಳ್ಳ ಹೇಳಿ ಬರ್ತಿದ್ದೆ. ನೀ ನನ್ನ ಕುತ್ತಿಗಿ ಕೊಯ್ದು ಬರ್ತಿದ್ದಿ. ಹೊರಗ ಬಂದು ನನ್ನ ಕೂಡ ಚಾ ಕುಡದಿ."

"ಅಳತಿ ತಗೊಳ್ಳೂವಾಗ ಸುಳ್ಳ ಹೇಳಿದ್ರ ಅಂಗಿ ಕೂಡ್ತೈತೇನೋ?" ಅಂದ ಫಕೀರಪ್ಪ. ಅವನ ದನಿ ಸಣ್ಣಗಿತ್ತು. "ಅವ್ರು ಅಳತಿ ತಗೊಳ್ಳಾಕ ಬಂದಾರಪಾ. ನಾ ಟೇಲರ್ ಮನಷ್ಯಾ."

ಅಂಗಡಿಯ ಗೋಡೆಯ ಮೇಲೆ, ನನ್ನ ಚಾವಿ ಒರಗಿಸಿ ಒರಗಿಸಿ ಸುಣ್ಣ ಹೋದ ಜಾಗವನ್ನು ನೋಡಿ ಇಳಿದು ಬಂದೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ದೊಡ್ಡ ದನಿಯಲ್ಲಿ ಅತ್ತೆ. ಹೆಂಡತಿ ಹೋದಾಗ ಹಾಗೆ ಅತ್ತಿರಲಿಲ್ಲ. ಸಾವು ಯಾರ ಆಪ್ತನೆಂದೂ ಹೇಳಿಕೊಂಡು ಬರುವುದಿಲ್ಲ, ಅದರ ಮೇಲೆ ಸಿಟ್ಟು ಮಾಡುವಂತಿಲ್ಲ. ಇವನ ಮೇಲೆ ಮಾಡುವಂತಿತ್ತು, ಮಾಡಿದೆ.

ಮರುದಿನ ಪರದೆಯ ಹಿಂದೆ ಫಕೀರಪ್ಪನ ಬಗ್ಗೆ ಹೇಳುವ ಸರದಿ ನನ್ನದಿತ್ತು. ಹೋಗಬಾರದೆಂದು ಅಂದುಕೊಂಡವನು ಹೋದೆ. ಅವನು ಮಾಡಿದ್ದನ್ನೇ ಅವನಿಗೆ ಮಾಡಬೇಕಿತ್ತು. ಅವನ ಅಂಗಡಿಗೂ ಬೀಗ ಬೀಳಲಿ, ಅವನೂ ಬರಿಗೈಲಿ ನಡೆಯಲಿ. ಇದನ್ನು ಬೇರೆ ಬಣ್ಣ ಹಚ್ಚಿ ಬರೆಯಲಾರೆ. ಹೊರಗಿನ ಬೆಂಚಿನ ಮೇಲೆ ಅವನು ಕುಳಿತಿದ್ದ. ಪರದೆಯ ಕೆಳಗೆ ನನ್ನ ಪಾದ ಅವನಿಗೆ ಕಾಣುತ್ತಿದ್ದಿರಬೇಕು.

"ಈ ವರ್ಷ ಬಿದ್ದಾರೇನ್ರಿ?" ಎಂದು ಡಾಕ್ಟರ್ ಪ್ರಮೋದಿನಿ ಕೇಳಿದರು, ಸೊನ್ನೆ ಬರೆಯಲು ಪೆನ್ನು ಹಿಡಿದು.

"ಬಿದ್ದಾನ. ನಾಕು ಸಲಾ. ಹೋದ ವರ್ಷ ಎರಡು ಸಲಾ ಬಿದ್ದಿದ್ದ, ನಾ ಸುಳ್ಳ ಹೇಳಿದ್ದೆ."

ಅವರು ತಲೆ ಎತ್ತಿದರು. "ಎಲ್ಲೆಲ್ಲಿ ಬಿದ್ರು? ನೆನಪಿದ್ದಷ್ಟು ಹೇಳ್ರಿ."

ಆಶ್ಚರ್ಯವೆಂದರೆ ಅವು ಒಂದೊಂದೂ ನನಗೆ ನೆನಪಿದ್ದವು. ಅವನು ಬಿದ್ದದ್ದನ್ನು ನಾನು ಮರೆತಿರಲಿಲ್ಲ. "ಮಸೀದಿ ಹಿಂದಿನ ತಿರುವಿನ್ಯಾಗ, ಹೋದ ವರ್ಷದಂಗ ಈ ವರ್ಷಾನೂ. ಅಕ್ಕಸಾಲಿಗರ ಕಟ್ಟಿ ಮುಂದ. ಹಳೇ ಬಾವಿ ಬಾಜೂಕ. ಮಂಗಳವಾರ ಎಣ್ಣಿ ಗಾಣದ ಮೂಲ್ಯಾಗ."

"ಎಷ್ಟು ಹೊತ್ತಿಗ್ರಿ?"

"ಎಲ್ಲಾ ಬೆಳಗ್ಗಿನ್ಯಾಗ. ಹೊತ್ತ ಹುಟ್ಟೂಕಿಂತ ಮೊದ್ಲ."

"ಟೇಲರ್ ಮನಷ್ಯಾರು, ಅಷ್ಟು ಲಗೂ ಎದ್ದು ಆ ಕಡೆ ಎಲ್ಲಿಗೆ ಹೋಗ್ತಿದ್ರು?"

"ಹಾಲಿಗೆ" ಎಂದು ಬಾಯಿಗೆ ಬಂತು. ಹಾಲಿನವನ ಮನೆ ಇದ್ದದ್ದು ಚೌಕದಲ್ಲಿ, ಫಕೀರಪ್ಪನ ಮನೆಗೆ ಅಂಟಿಕೊಂಡಂತೆ. ಮಸೀದಿಯ ತಿರುವಿನಲ್ಲಿ ಇದ್ದದ್ದು ಏಳನೆಯ ಮುಚ್ಚಳ. ಅಕ್ಕಸಾಲಿಗರ ಕಟ್ಟೆಯ ಮುಂದೆ ಹತ್ತನೆಯದು. ಹಳೆಯ ಬಾವಿಯ ಪಕ್ಕ ಹದಿಮೂರು. ಎಣ್ಣೆ ಗಾಣದ ಮೂಲೆಯಿಂದ ಕುಂಬಾರ ಓಣಿಗೆ ಐವತ್ತು ಹೆಜ್ಜೆ. ಡಾಕ್ಟರರು ಎರಡನೆಯ ಸಲ ಕೇಳಿದಾಗ ಗೊತ್ತಿಲ್ಲ ಅಂದೆ.

ಅವರು ಹೊರಗೆ ಬಂದು ಫಕೀರಪ್ಪನನ್ನು ಮಂಚದ ಮೇಲೆ ಮಲಗಿಸಿ ರಕ್ತದೊತ್ತಡ ನೋಡಿದರು, ಆಮೇಲೆ ಎಬ್ಬಿಸಿ ನಿಲ್ಲಿಸಿ ನೋಡಿದರು. ನಿಂತ ಕೂಡಲೇ ಅದು ಧೊಪ್ಪನೆ ಇಳಿಯುತ್ತಿತ್ತಂತೆ. ಅವನು ರಕ್ತದೊತ್ತಡಕ್ಕೆ ಎರಡು ಕಡೆಯ ಡಾಕ್ಟರರಿಂದ ಎರಡು ಬಗೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದ. ವಯಸ್ಸಾದವರು ಬೀಳುವುದು ಬಹಳ ಸಲ ಕಾಲಿನ ದೋಷದಿಂದಲ್ಲ, ಗುಳಿಗೆಯಿಂದ ಎಂದು ಅವರು ಹೇಳುವುದು ಕೇಳಿಸಿತು. ಹೋದ ವರ್ಷವೇ ಯಾರಾದರೂ ಹೇಳಿದ್ದರೆ ಹೋದ ವರ್ಷವೇ ಬದಲಿಸಬಹುದಿತ್ತು ಎಂದೂ ಹೇಳಿದರು. ನನ್ನ ಕಡೆ ನೋಡಿ ಹೇಳಲಿಲ್ಲ. ನಾನು ಬೇರೆ ಬಾಗಿಲಿಂದ ಹೊರಟುಹೋದೆ.

ನಾಲ್ಕು ದಿನಕ್ಕೆ ಶಿವಗಂಗವ್ವ ನನ್ನ ಮನೆಗೆ ಬಂದಳು. ಕಂಕುಳಲ್ಲಿ ಸೀರೆ ಸುತ್ತಿದ ಒಂದು ಉದ್ದನೆಯ ವಸ್ತು. ಅದನ್ನು ನೆಲದ ಮೇಲೆ ಇಟ್ಟಾಗ ಆದ ಸದ್ದಿಗೇ ಅದು ಏನೆಂದು ನನಗೆ ಗೊತ್ತಾಯಿತು.

"ಇದನ್ನೂ ಆಫೀಸಿಗೆ ಕೊಟ್ಟ ಬಿಡ್ರಿ ಅಣ್ಣಾರ. ಮನ್ಯಾಗ ಇದ್ರ ಅವ್ರು ಮತ್ತ ಏಳ್ತಾರ."

ಸೀರೆ ಬಿಚ್ಚಿದೆ. ನೀರಿನ ಚಾವಿ. ನನ್ನದಕ್ಕಿಂತ ಸ್ವಲ್ಪ ಗಿಡ್ಡ, ಕಮ್ಮಾರನಿಂದ ಮಾಡಿಸಿದ್ದು. ಹಿಡಿಯ ಎರಡೂ ಕಡೆಗೆ ಹತ್ತಿಯಿಟ್ಟು ಮೆತ್ತೆ ಹೊಲಿದಿತ್ತು, ಒತ್ತೊತ್ತಾಗಿ, ಕೋಟಿನ ಕಾಲರಿಗೆ ಹಾಕುವಂಥ ಹೊಲಿಗೆ. ಸೂಜಿ ಹಿಡಿದ ಕೈಗೆ ಬರಿ ಕಬ್ಬಿಣ ಆಗಿಬರುತ್ತಿರಲಿಲ್ಲ.

"ಎರಡು ವರ್ಷ ಆತ್ರಿ" ಅಂದಳು. "ದಿನಾ ನಿಮ್ಮ ಹಿಂದ ಒಂದ ಓಣಿ ಬಿಟ್ಟು ನಡದಾರ. ನೀವು ತಗದದ್ದು ಮರತ್ರ ಮುಚ್ಚೂದು, ಮುಚ್ಚಿದ್ದು ಮರತ್ರ ತಗಿಯೂದು. ಎದ್ದ ಕೂಡ್ಲೆ ಗುಳಿಗಿ ನುಂಗಿ, ಬರೇ ಹೊಟ್ಟೀಲೆ ಓಡ್ತಿದ್ರು. ಮಂಗಳವಾರ ದಾರ್ಯಾಗ ಬಿದ್ದು ತಡಾ ಆತು. ಅಷ್ಟ್ರಾಗ ತಗ್ಗಿನ್ಯಾಗ ನೀರ ತುಂಬಿತ್ತು. ಇನ್ನ ನನ್ನಿಂದ ಆಗಂಗಿಲ್ಲ ಅಂತ ಅತ್ತು ಸಾಹೇಬ್ರ ಹತ್ರ ಹೋದ್ರು."

ಅವಳು ನನಗೆ ಸಮಾಧಾನವಾಗಲೆಂದು ಹೇಳಿದಳು, ಪಾಪ. ನನಗೆ ಆಗಲಿಲ್ಲ. ಚಾಡಿ ಹೇಳಿದ್ದಕ್ಕಿಂತ ಇದು ದೊಡ್ಡ ಮೋಸವೆನಿಸಿತು. ಊರು ಹೊಗಳಿದ ಆ ಬಂಗಾರದ ವರ್ಷ ನನ್ನದಾಗಿರಲಿಲ್ಲ. ಶಾಲು ಹೊದಿಸಿದ್ದು ನನಗೆ, ನೀರು ಬಿಟ್ಟವನು ಅವನು. ಮೈಕಿನ ಮುಂದೆ ನಾನು ಹಣೆ ಬಡಿದುಕೊಳ್ಳುವಾಗ ಅವನು ಕುಳಿತು ಚಪ್ಪಾಳೆ ತಟ್ಟಿದ. ಎರಡು ವರ್ಷದ ನನ್ನ ಬದುಕನ್ನು ಬೇರೊಬ್ಬ ನನ್ನ ಬೆನ್ನ ಹಿಂದೆ ಬದುಕಿದ್ದ, ಮತ್ತು ನನಗೆ ಅದನ್ನು ತಿಳಿಸುವ ಮರ್ಯಾದೆಯನ್ನೂ ಕೊಟ್ಟಿರಲಿಲ್ಲ. ಅವನು ಬಿದ್ದ ನೋವಿಗೆ ನಾನೇ ಕಾರಣನೆಂಬುದು ಆ ಹೊತ್ತಿಗೆ ನನ್ನ ಸಿಟ್ಟನ್ನು ಹೆಚ್ಚಿಸಿತೇ ಹೊರತು ಇಳಿಸಲಿಲ್ಲ.

ತಿಂಗಳ ಮೇಲೆ ಫಕೀರಪ್ಪನೇ ಬಂದ. ಬೀಳುವುದು ನಿಂತಿತ್ತು, ಮುಖಕ್ಕೆ ಕಳೆ ಬಂದಿತ್ತು. ನನ್ನ ಜಗುಲಿಯ ಮೇಲೆ, ನಾನು ಕರೆಯದೆಯೇ ಕುಳಿತ.

"ನೀನೂ ಹೇಳಿದಿ ಅಂತ ಡಾಕ್ಟರಮ್ಮ ನನ್ನ ಮಲಗಿಸಿ ನೋಡಿದಾಗ್ಲೇ ತಿಳೀತು" ಅಂದ.

"ಹೇಳೀನಿ."

"ಸಿಟ್ಟಿಲೆ ಹೇಳಿದ್ಯೋ, ನನ್ನ ಚಲೋಕಂತ ಹೇಳಿದ್ಯೋ?"

"ಸಿಟ್ಟಿಲೆ."

"ಹಂಗಾದ್ರ ಒಂದೂ ಬಿಟ್ಟಿರಂಗಿಲ್ಲ ನೀ" ಎಂದು ನಕ್ಕ. ನನಗೂ ನಗು ಬರುವುದರಲ್ಲಿತ್ತು, ತಡೆದೆ. ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಕೇಳಿಬಿಡಬೇಕಿತ್ತು.

"ಡಾಕ್ಟರಿಗೆ ಹೇಳಿದಿ. ಸಾಹೇಬ್ರಿಗೆ ಹೇಳಿದಿ. ಹೆಂಡ್ತಿಗೆ ಗೊತ್ತಿತ್ತು. ನನಗೊಬ್ಬಗ ಹೇಳಲಿಲ್ಲ. ನನ್ನ ಮುಂದ ಕುಂತು, ನಿನ್ನ ನೆನಪು ಹೊಂಟೈತಿ, ಚಾವಿ ಇಡು ಅನ್ನಾಕ ನಿನಗ ಬಾಯಿ ಇರಲಿಲ್ಲೇನು? ನಾ ಹಗೆ ಇದ್ನೇನು ನಿನಗ?"

ಫಕೀರಪ್ಪ ನನ್ನನ್ನು ನೋಡಿದ. ಅವನ ಕಣ್ಣು ತುಂಬಿಕೊಂಡವು.

"ಹೇಳೀನೋ" ಅಂದ. "ನಿನಗ ಎಲ್ಲಾರಕಿಂತ ಮೊದ್ಲ ಹೇಳೀನಿ. ಮೂರು ಸಲಾ ಹೇಳೀನಿ. ಇದ ಜಗಲಿ ಮ್ಯಾಲೆ ಕುಂತು. ಮೂರೂ ಸಲಾ ನೀ ನನ್ನ ಕೈ ಹಿಡಕೊಂಡು ಅತ್ತಿ. ನಾಳಿಂದ ಬಿಟ್ಟಬಿಡ್ತೀನಿ, ನೀನ ಸಾಹೇಬ್ರಿಗೆ ಹೇಳು ಅಂದಿ. ಮುಂಜಾನೆ ನೋಡಿದ್ರ ಹಾಡಕೋತ ಚಾವಿ ಹೊತ್ಕೊಂಡು ಹೊಂಟಿರ್ತಿದ್ದಿ. ನಾಕನೇ ಸಲಾ ನಿನ್ನ ಅಳಸಾಕ ನನಗ ಆಗಲಿಲ್ಲಪಾ. ಅದಕ್ಕ ಒಂದು ಚಾವಿ ಮಾಡಿಸಿದೆ."

ಅವನು ಹೇಳಿದ್ದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೊಲಿದ ಮಾತೋ, ನನಗೆ ತಿಳಿಯುವ ದಾರಿಯೇ ಇಲ್ಲ. ಹುಡುಕಿದೆ. ಈ ಜಗುಲಿ ಇದೆ, ಅವನಿದ್ದಾನೆ, ನಾನು ಅತ್ತದ್ದು ಎಲ್ಲೂ ಇಲ್ಲ. ಮೋಸ ಮಾಡಿದವನ ಹೆಸರು ಹೇಳು ಎಂದರೆ ಒಂದು ತಿಂಗಳು ನಾನು ಫಕೀರಪ್ಪ ಎನ್ನುತ್ತಿದ್ದೆ. ಆಮೇಲೆ ಹೇಳಲು ನನಗೆ ಯಾವ ಹೆಸರೂ ಸಿಗಲಿಲ್ಲ. ಸಿಟ್ಟು ಮಾತ್ರ ಹಾಗೆಯೇ ಉಳಿಯಿತು. ಅವನು ಹೋದ ಕೂಡಲೇ ಕಾಗದ ತೆಗೆದು ಇದನ್ನೆಲ್ಲ ಬರೆಯಲು ಕುಳಿತೆ. ಇನ್ನೊಂದು ಸಲ ಅವನ ಬಾಯಿಂದ ಇದನ್ನು ಹೊಸದೆಂಬಂತೆ ಕೇಳುವುದು ನನಗೆ ಬೇಡವಾಗಿತ್ತು, ಅವನಿಂದ ಹೇಳಿಸುವುದೂ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಎಚ್ಚರವಾಯಿತು. ಹೋಗುವ ಜಾಗವಿಲ್ಲದೆ ಹಿತ್ತಲಿನಲ್ಲಿ ನಿಂತೆ. ನಲವತ್ತು ವರ್ಷದಲ್ಲಿ ನನ್ನ ಮನೆಯ ನಳಕ್ಕೆ ನೀರು ಬರುವುದನ್ನು ನಾನು ನೋಡಿರಲಿಲ್ಲ; ಆ ಹೊತ್ತಿಗೆ ಯಾವುದಾದರೂ ಓಣಿಯಲ್ಲಿ ಬಗ್ಗಿ ನಿಂತಿರುತ್ತಿದ್ದೆ, ಈ ಒಂದು ತಿಂಗಳು ಬಾಗಿಲು ಹಾಕಿಕೊಂಡು ಒಳಗೇ ಮಲಗಿರುತ್ತಿದ್ದೆ. ಮೊದಲು ನಳ ಎರಡು ಸಲ ಕೆಮ್ಮಿತು. ಬರೀ ಗಾಳಿ. ಆಮೇಲೆ ಕಂದು ಬಣ್ಣದ ನಾಲ್ಕು ಹನಿ, ಅದರ ಹಿಂದೆ ನೀರು. ಕೊಡ ಇಟ್ಟೆ. ಅದು ತುಂಬಿ, ಕಂಠದಿಂದ ಚೆಲ್ಲಿ, ನನ್ನ ಪಾದ ತೋಯಿಸಿ ಕಟ್ಟೆಯ ಕೆಳಗೆ ಹರಿಯಿತು. ನಳ ತಿರುಗಿಸಲು ನಾನು ಕೈ ಚಾಚಲಿಲ್ಲ. ಸ್ವಲ್ಪ ಹೊತ್ತಿಗೆ ಧಾರೆ ಸಣ್ಣದಾಯಿತು, ದಾರದಷ್ಟಾಯಿತು, ನಿಂತಿತು. ಎಲ್ಲಿಯೋ ಯಾರೋ ಮುಚ್ಚಿದ್ದರು.